ಅಯಾಚಿತ ವೃತ್ತಿ

ಯೋಗಕ್ಷೇಮವೆಂಬ ಶಬ್ದವನ್ನು ನಾವು ಕಾಗದಗಳ ಮೊದಲ ಪಂಕ್ತಿಯಲ್ಲಿ ಬರೆದು ಬರೆದು ಸವೆಯಿಸಿಬಿಟ್ಟಿದ್ದೇವೆ. ಶಾಸ್ತ್ರಕಾರರಾದರೋ ಅದನ್ನು ಎರಡಾಗಿ ಒಡೆದು ಅರ್ಥ ಹೇಳಿರುತ್ತಾರೆ: ಇಲ್ಲದ್ದು ದೊರೆಯುವುದು ಯೋಗ, ದೊರೆತದ್ದು ಉಳಿಯುವುದು ಕ್ಷೇಮ. ತನ್ನನ್ನೇ ನಂಬಿದವರ ಈ ಎರಡು ಭಾರಗಳನ್ನೂ ತಾನೇ ಹೊರುವೆನೆಂದು ಭಗವಂತನು ಗೀತೆಯಲ್ಲಿ ಮಾತು ಕೊಟ್ಟಿರುವನಷ್ಟೆ. ಯೇಸುಸ್ವಾಮಿಯೂ ಗುಡ್ಡದ ಮೇಲೆ ಕುಳಿತು, ಆಕಾಶದ ಹಕ್ಕಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ, ಅನ್ನವಸ್ತ್ರಗಳ ಚಿಂತೆಯನ್ನು ಬಿಡಿರೆಂದು ಶಿಷ್ಯರಿಗೆ ಬೋಧಿಸಿದನೆಂದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯವು ತಿಳಿಸುತ್ತದೆ. ಮಾತು ಎರಡು ಕಡೆಯೂ ಉಂಟು. ಆ ಮಾತನ್ನು ಅಕ್ಷರಶಃ ನಂಬಿ ಕುಳಿತವರ ಮನೆಯಲ್ಲಿ ಒಲೆ ಹೊತ್ತಿತೇ ಎಂಬುದೇ ಪ್ರಶ್ನೆ. ನಾನು ಕ್ರೈಸ್ತನಲ್ಲ, ಆದರೂ ನಮ್ಮ ಬೀದಿಯ ಒಂದು ಕ್ರೈಸ್ತ ಕುಟುಂಬದ ದೆಸೆಯಿಂದ ಈ ಪ್ರಶ್ನೆಯು ನನ್ನನ್ನು ಹಲವು ವರ್ಷ ಕಾಡಿದೆ. ಆ ಕುಟುಂಬದ ಸಂಗತಿಯನ್ನು ಮುಂದೆ ಅರಿಕೆ ಮಾಡುವೆನು.

ಮನುವು ಗೃಹಸ್ಥನಾದ ಬ್ರಾಹ್ಮಣನ ಜೀವನೋಪಾಯಗಳನ್ನು ಎಣಿಸುವಾಗ ಅವುಗಳಿಗೆ ವಿಚಿತ್ರವಾದ ಹೆಸರುಗಳನ್ನಿಟ್ಟಿದ್ದಾನೆ. ಗದ್ದೆಯಲ್ಲಿ ಉದುರಿದ ತೆನೆಗಳನ್ನು ಆಯ್ದು ಬದುಕುವುದು ಋತ. ಬೇಡದೆ ಬಂದುದರಿಂದ ಬದುಕುವುದು ಅಮೃತ. ಬೇಡಿ ಬದುಕುವುದು ಮೃತ. ಕೃಷಿಯು ಪ್ರಮೃತ, ವಾಣಿಜ್ಯವು ಸತ್ಯಾನೃತ. ಕೂಲಿಗೆ ಸೇವೆಮಾಡುವುದು ಶ್ವವೃತ್ತಿ, ಎಂದರೆ ನಾಯಿಯ ಬಾಳು. ಮೂವತ್ತೈದು ವರ್ಷ ಸಂಬಳವೆಣಿಸಿ ಈಗ ನಿವೃತ್ತಿವೇತನವನ್ನು ಎಣಿಸುತ್ತಿರುವ ನನ್ನಂಥವನು ಯಾವ ಪಂಕ್ತಿಯಲ್ಲಿ ಕೂಡಬೇಕೆಂಬುದನ್ನು ವಾಚಕರೇ ನಿಶ್ಚಯಿಸಬಹುದು. ನನ್ನ ಮಾತು ಅದಲ್ಲ. ಬೇಡುವುದಕ್ಕೂ ಬೇಡದೆ ಪಡೆಯುವುದಕ್ಕೂ ನಡುವೆ ಮೃತಾಮೃತಗಳಷ್ಟು ಅಂತರವನ್ನು ಆ ಪ್ರಾಚೀನನು ಕಂಡನಲ್ಲಾ, ಅದೇ ನನ್ನನ್ನು ತಡೆದು ನಿಲ್ಲಿಸಿದ್ದು.

ಪಾಠಶಾಲೆಯಲ್ಲಿ ಓದುವಾಗ ನಾನು ವಾರಾನ್ನದ ಹುಡುಗ. ವಾರದಲ್ಲಿ ಐದು ದಿನಗಳಿಗೆ ಐದು ಮನೆಗಳು ಗೊತ್ತಾಗಿದ್ದುವು; ಉಳಿದೆರಡು ದಿನ ದೇವಸ್ಥಾನದ ಪ್ರಸಾದ. ಗುರುವಾರದ ಮನೆಯ ಅಜ್ಜಿಯು, ನಾನು ಕೈಕಾಲು ತೊಳೆಯುವಷ್ಟರಲ್ಲಿ ಎಲೆ ಹಾಕಿರುತ್ತಿದ್ದರು. "ಬಾ ಮಗು, ಹೊತ್ತಾಯಿತು" ಎಂಬುದರ ಹೊರತು ಬೇರೆ ಮಾತಿಲ್ಲ. ನಾನು ಅಲ್ಲಿ ಬೇಡಿದವನಲ್ಲ. ಆದರೆ ನಾನು ಹಸಿದಿರುವೆನೆಂದು ಅವರಿಗೆ ಗೊತ್ತಿತ್ತು. ನಾನು ಬರುವ ದಿನವೂ ಗೊತ್ತಿತ್ತು. ಅಯಾಚಿತವೆಂದರೆ ಬೇಡದಿರುವುದೇ ಹೊರತು ತಿಳಿಯದಿರುವುದಲ್ಲವೆಂಬ ಸೂಕ್ಷ್ಮವು ಆಗಲೇ ನನಗೆ ಹೊಟ್ಟೆಯ ಮೂಲಕ ತಿಳಿದಿತ್ತೆಂದು ಹೇಳಬಹುದು.

ಕ್ರೈಸ್ತರಲ್ಲಿ ಈ ವ್ರತವನ್ನು ಅತ್ಯಂತ ನಿಷ್ಠುರವಾಗಿ ನಡೆಸಿದವನು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿದ್ದ ಜಾರ್ಜ್ ಮುಲ್ಲರ್. ಹುಟ್ಟಿನಿಂದ ಪ್ರಷ್ಯಾದವನು; ಜನನ 1805. ತಂದೆಯು ಸುಂಕದ ಅಧಿಕಾರಿ. ಮಗನ ಯೌವನವು ಹೇಳಿಕೊಳ್ಳುವಂಥದಲ್ಲ: ಮನೆಯ ಹಣವನ್ನು ಕದ್ದನು, ವಸತಿಗೃಹಗಳಲ್ಲಿ ಉಂಡು ಹಣ ತೆರದೆ ಓಡಿಹೋಗಿ, ಹದಿನಾರನೆಯ ವಯಸ್ಸಿನಲ್ಲಿ ಸೆರೆಮನೆಯನ್ನೂ ಕಂಡನು. ಹಾಲೆ ಎಂಬ ಊರಿನಲ್ಲಿ ಓದುತ್ತಿರುವಾಗ ಮನಸ್ಸು ತಿರುಗಿ, 1829ರಲ್ಲಿ ಇಂಗ್ಲೆಂಡಿಗೆ ಬಂದು, ಟೀನ್‌ಮತ್ ಎಂಬ ಕರಾವಳಿಯ ಊರಿನಲ್ಲಿ ಸಭಾಪಾಲಕನಾದನು. ಅಲ್ಲಿನ ದೇವಾಲಯದಲ್ಲಿ ಆಸನಗಳಿಗೆ ಬಾಡಿಗೆ ಗೊತ್ತುಮಾಡಿ, ಆ ಹಣದಿಂದ ಪಾಲಕನ ಸಂಬಳವನ್ನು ಕೊಡುವ ಪದ್ಧತಿಯಿತ್ತು. ಹಣವುಳ್ಳವನಿಗೆ ಒಳ್ಳೆಯ ಆಸನ, ಬಡವನಿಗೆ ಮೂಲೆ. ಇದು ಸಲ್ಲದೆಂದು ಮುಲ್ಲರನು 1830ರಲ್ಲಿ ಸಂಬಳವನ್ನೇ ಬಿಟ್ಟನು. ದೇವಾಲಯದಲ್ಲಿ ಒಂದು ಪೆಟ್ಟಿಗೆಯನ್ನು ಇಡಿಸಿ, ಇಷ್ಟವುಳ್ಳವರು ಇಷ್ಟವಾದಷ್ಟನ್ನು ಹಾಕಬಹುದೆಂದನು. ಪೆಟ್ಟಿಗೆಯನ್ನು ತೆರೆಯತಕ್ಕವರು ತಡಮಾಡಿದರೂ, ತೆರೆಯಿರೆಂದು ಅವರಿಗೆ ಹೇಳುತ್ತಿರಲಿಲ್ಲವಂತೆ. ಅದೇ ವರ್ಷ ಅವನ ಕೈಹಿಡಿದ ಮೇರಿ ಗ್ರೋವ್ಸ್ ಎಂಬಾಕೆಯು ಇದಕ್ಕೆ ಒಡಂಬಟ್ಟಳು. ಈ ಒಡಂಬಡಿಕೆಯನ್ನು ಓದುಗರು ನೆನಪಿನಲ್ಲಿಡಬೇಕು.

1836ರಲ್ಲಿ ಬ್ರಿಸ್ಟಲಿನ ವಿಲ್ಸನ್ ಬೀದಿಯ ಬಾಡಿಗೆಮನೆಯೊಂದರಲ್ಲಿ ಅವನು ಅನಾಥಾಲಯವನ್ನು ತೆರೆದನು. ಇಲ್ಲೊಂದು ವಿನೋದವುಂಟು. ಮನೆಗಾಗಿ, ಹಣಕ್ಕಾಗಿ, ಪಾತ್ರೆಪಡಗಗಳಿಗಾಗಿ, ಕೆಲಸದವರಿಗಾಗಿ ಅವನು ಪ್ರಾರ್ಥಿಸಿದ್ದನು, ಎಲ್ಲವೂ ಬಂದುವು. ಮಕ್ಕಳನ್ನು ಸೇರಿಸಿಕೊಳ್ಳಲು ಗೊತ್ತುಮಾಡಿದ ದಿನ ಕಾದು ಕುಳಿತರೆ ಒಂದು ಮಗುವೂ ಬರಲಿಲ್ಲ. ಮಕ್ಕಳಿಗಾಗಿ ಪ್ರಾರ್ಥಿಸುವುದನ್ನೇ ತಾನು ಮರೆತಿದ್ದುದು ಆಗ ಅವನಿಗೆ ಹೊಳೆಯಿತು! ಅಲ್ಲಿಂದ ಮುಂದೆ ಮಕ್ಕಳಿಗೆ ಕೊರತೆಯುಂಟಾಗಲಿಲ್ಲ. ಹಣಕ್ಕೆ ಉಂಟಾಯಿತು. 1838ರಿಂದ ಕೆಲವು ವರ್ಷಗಳ ಕಾಲ, ನೂರರ ಸಮೀಪದ ಮಕ್ಕಳಿಗೆ ಬೆಳಗಿನ ರೊಟ್ಟಿಯಾದ ಮೇಲೆ ಮಧ್ಯಾಹ್ನದ ಊಟಕ್ಕೆ ಹಣವಿಲ್ಲದ ದಿನಗಳು ಮೇಲಿಂದ ಮೇಲೆ ಬಂದುವು. ಹೊರಗಿನವರಲ್ಲಿ ಯಾರಿಗೂ ಇದನ್ನು ತಿಳಿಸಕೂಡದೆಂಬುದು ನಿಯಮ. ಒಳಗಿನ ಕೆಲಸದವರು ಮಾತ್ರ ಒಟ್ಟುಗೂಡಿ ಪ್ರಾರ್ಥಿಸುವರು. ಪ್ರಾರ್ಥಿಸಿ, ತಮ್ಮ ತಮ್ಮ ಕೈಯಲ್ಲಿದ್ದುದನ್ನು ತಂದು ಮುಂದಿಡುವರು. ಸಾಲದಿಂದ ಏನನ್ನೂ ಕೊಳ್ಳುವಂತಿಲ್ಲ. ರೊಟ್ಟಿಯವನಿಗೂ ಹಾಲಿನವನಿಗೂ ವಾರಕ್ಕೊಮ್ಮೆ ಕೊಡುತ್ತಿದ್ದ ಲೆಕ್ಕವನ್ನು ಸಹ ನಿಲ್ಲಿಸಿ, ಆಗಿನದಕ್ಕೆ ಆಗಲೇ ಹಣವೆಂಬ ಕಟ್ಟನ್ನು ಮಾಡಿಕೊಂಡರು. ಊಟವಿಲ್ಲದೆ ಮಕ್ಕಳು ಮಲಗಿದ ದಿನವು ಒಂದೂ ಇಲ್ಲವೆಂದು ಅವನು ಬರೆದಿಟ್ಟಿದ್ದಾನೆ.

ಮುಂದಿನ ಕಥೆಯು ಲೋಕಪ್ರಸಿದ್ಧ. ಆಶ್ಲಿ ಡೌನ್ ಎಂಬ ಎತ್ತರದ ಬಯಲಿನಲ್ಲಿ 1849ರಿಂದ 1870ರ ವರೆಗೆ ಐದು ಮಹಾಗೃಹಗಳೆದ್ದುವು. ಎರಡು ಸಾವಿರಕ್ಕೂ ಮಿಕ್ಕಿ ಮಕ್ಕಳಿಗೆ ಸ್ಥಳವಾಯಿತು. 1898ರಲ್ಲಿ ಅವನು ತೀರಿಕೊಳ್ಳುವಷ್ಟರಲ್ಲಿ ಹತ್ತು ಸಾವಿರ ಮಕ್ಕಳು ಅಲ್ಲಿ ಬೆಳೆದಿದ್ದರು; ಸುಮಾರು 15 ಲಕ್ಷ ಪೌಂಡು ಅವನ ಕೈಯಿಂದ ಹಾದುಹೋಗಿತ್ತು. ಅವನ ಸ್ವಂತದ ಆಸ್ತಿಯೆಂದು ಕಂಡುಬಂದದ್ದು, ಮನೆಯ ಸಾಮಾನುಗಳೂ ಸೇರಿ, ಸುಮಾರು 160 ಪೌಂಡು.

ಇದನ್ನೋದಿದಾಗ ತಾರ್ಕಿಕನಿಗೆ ಒಂದು ಸಂದೇಹ ಏಳದಿರದು. ಮುಲ್ಲರನು ವರ್ಷಕ್ಕೊಮ್ಮೆ ವೃತ್ತಾಂತವನ್ನು ಅಚ್ಚುಹಾಕಿಸಿ ಹಂಚುತ್ತಿದ್ದನು. ಇಂಥ ದಿನ ಇಷ್ಟು ಕೊರತೆಯಿತ್ತು, ಇಂಥ ಹೊತ್ತಿಗೆ ಇಷ್ಟು ಬಂದಿತು ಎಂದು ಕಾಸುಕಾಸಿನ ವಿವರವೂ ಅದರಲ್ಲಿರುತ್ತಿತ್ತು. ಬೇಡುವುದಿಲ್ಲವೆಂದು ಊರಿಗೆಲ್ಲ ಸಾರುವುದು ಬೇಡುವುದರ ಇನ್ನೊಂದು ಬಗೆಯಲ್ಲವೇ? ಈ ಆಕ್ಷೇಪವು ಹಗುರವಾದುದಲ್ಲ. ವಾರಾನ್ನದ ಹುಡುಗನಾದ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ 1841ರ ಡಿಸೆಂಬರಿನಲ್ಲಿ ನಡೆದುದನ್ನು ನೋಡಿರಿ. ವಾರ್ಷಿಕ ಸಭೆಯನ್ನು ಕೂಡಿಸಿ ವೃತ್ತಾಂತವನ್ನು ಪ್ರಕಟಿಸುವ ಕಾಲ ಬಂದಿತು. ಆಗ ಕೈಯಲ್ಲಿ ಹಣ ತೀರ ಕಡಮೆ. ಪ್ರಕಟಿಸಿದ್ದರೆ ಜನರು ಓದಿ ಮರುಗಿ ಕೊಡುತ್ತಿದ್ದರು. ಅದೇ ಕಾರಣದಿಂದ ಅವರು ಸಭೆಯನ್ನೂ ಪ್ರಕಟಣೆಯನ್ನೂ ಕೆಲವು ತಿಂಗಳು ಮುಂದಕ್ಕೆ ಹಾಕಿದರು. ಬೇಡುವವನು ಬಟ್ಟಲನ್ನು ಮುಂದೆ ಚಾಚುವ ಹೊತ್ತಿನಲ್ಲಿ ಈತನು ಅದನ್ನು ಬೆನ್ನ ಹಿಂದೆ ಮರೆಮಾಡಿದನು. ಇಷ್ಟು ಮಾಡಿದವನನ್ನು ಅಯಾಚಿತ ವ್ರತದವನೆಂದು ಒಪ್ಪಲು ನನಗೆ ಅಡ್ಡಿಯಿಲ್ಲ.

ಆಕ್ಷೇಪವಿರುವುದು ಇನ್ನೊಂದು ಕಡೆ. ಅನಾಥಾಲಯದ ಮೊದಲನೆಯ ಉದ್ದೇಶವು ಮಕ್ಕಳ ಹಿತವಲ್ಲ, ದೇವರು ಇಂದಿಗೂ ಪ್ರಾರ್ಥನೆಯನ್ನು ಕೇಳುವನೆಂಬುದನ್ನು ಲೋಕಕ್ಕೆ ತೋರಿಸುವುದು ಎಂದು ಮುಲ್ಲರನೇ ಸ್ಪಷ್ಟವಾಗಿ ಹೇಳಿದ್ದಾನೆ. ಹಾಗಾದರೆ ಆ ನೂರು ಮಕ್ಕಳ ಹಸಿವು ಒಂದು ಸಿದ್ಧಾಂತಕ್ಕೆ ದೃಷ್ಟಾಂತವಾಯಿತಷ್ಟೆ? ತನ್ನ ಹೊಟ್ಟೆಯನ್ನು ಪಣಕ್ಕಿಡಲು ಯಾರಿಗಾದರೂ ಅಧಿಕಾರವುಂಟು. ಮಹಾಭಾರತದ ಶಾಂತಿಪರ್ವದಲ್ಲಿ ಅಜಗರವ್ರತದ ಮುನಿಯು ಹೆಬ್ಬಾವಿನಂತೆ ಬಿದ್ದಿದ್ದು, ಬಂದರೆ ಉಣ್ಣುವನು, ಬಾರದಿದ್ದರೆ ಮಲಗುವನು. ಅವನಿಗೆ ಹೆಂಡಿರಿಲ್ಲ, ಮಕ್ಕಳಿಲ್ಲ. ಪರರ ಹೊಟ್ಟೆಯನ್ನು ಪಣಕ್ಕಿಡುವವನ ಮಾತು ಬೇರೆ. ಮುಲ್ಲರನ ಪರವಾಗಿ ಹೇಳತಕ್ಕದ್ದೊಂದುಂಟು. ಅಲ್ಲಿ ಹಸಿವಿಗೆ ಒಂದು ಕ್ರಮವಿತ್ತು: ವ್ರತ ಹಿಡಿದವರ ಗಂಟು ಮೊದಲು ಬರಿದಾಗಬೇಕು, ಮಕ್ಕಳ ತಟ್ಟೆ ಕಟ್ಟಕಡೆಗೆ. ಆ ಕಡೆಯ ಘಟ್ಟವು ಬರಲಿಲ್ಲ. ಬಂದಿದ್ದರೆ ಏನಾಗುತ್ತಿತ್ತೆಂಬುದು ಬರಿಯ ಊಹೆ.

ಅವನ ಮೈದುನ ಅಂತೋನಿ ಗ್ರೋವ್ಸ್ ಎಂಬಾತನು ದಂತವೈದ್ಯವೃತ್ತಿಯನ್ನು ಬಿಟ್ಟು, ಯಾವ ಸಂಘದ ಸಂಬಳವೂ ಇಲ್ಲದೆ ಬಾಗದಾದಿಗೂ, ಅಲ್ಲಿಂದ 1833ರಲ್ಲಿ ನಮ್ಮ ದೇಶಕ್ಕೂ ಬಂದನು. ನಮ್ಮ ಕೋಲಾರದ ಗಡಿಯಾಚೆಗಿನ ಚಿತ್ತೂರಿನಲ್ಲಿ ನೆಲಸಿ, ಸ್ವಂತ ದುಡಿಮೆಯಿಂದ ಧರ್ಮಪ್ರಚಾರವು ನಡೆಯಲೆಂದು ಬೇಸಾಯವನ್ನೂ ರೇಷ್ಮೆಯ ಉದ್ಯಮವನ್ನೂ ಕೈಕೊಂಡು ನಷ್ಟಪಟ್ಟನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರದು ಇನ್ನೊಂದು ದಾರಿ. ಜಾತಿಯಿಂದ ಹೊರಬಿದ್ದು ಜೀವನೋಪಾಯವನ್ನು ಕಳೆದುಕೊಂಡ ಹೊಸ ಕ್ರೈಸ್ತರಿಗೆ ಅವರು ಮಗ್ಗಗಳನ್ನು ಹಾಕಿಸಿಕೊಟ್ಟರು. 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ದೇವರು ಒದಗಿಸುವನೆಂಬುದನ್ನು ಅವರೂ ನಂಬಿದವರೇ. ಒದಗಿಸುವ ದಾರಿಗಳಲ್ಲಿ ಹೆಂಚು ಸುಡುವ ಒಲೆಯೂ ಒಂದೆಂದು ತಿಳಿದರು, ಅಷ್ಟೆ. ಪೌಲನು ಗುಡಾರಗಳನ್ನು ಹೊಲಿದು ಬದುಕಿದವನೆಂಬುದನ್ನು ಕ್ರೈಸ್ತರಿಗೆ ನಾನು ಹೇಳಬೇಕಾಗಿಲ್ಲ. (ಕಾಣಿಕೆ ಹಾಕಿದರೆ ದೇವರು ನೂರ್ಮಡಿಯಾಗಿ ಹಿಂದಿರುಗಿಸುವನೆಂದು ಈಗ ದೂರದರ್ಶನದಲ್ಲಿ ಗಟ್ಟಿಯಾಗಿ ಬೋಧಿಸುವವರೂ ಉಂಟು. ಮನುವಿನ ಪಟ್ಟಿಯಲ್ಲಿ ಅದು ಬಡ್ಡಿಯ ವ್ಯಾಪಾರದ ಸಾಲಿಗೆ ಸೇರುವುದರಿಂದ ಇಲ್ಲಿ ಅದರ ಪ್ರಸ್ತಾಪ ಬೇಡ.)

ಇನ್ನು ನಮ್ಮ ಬೀದಿಯ ಮನೆ. ಆ ಯಜಮಾನರೂ ನನ್ನಂತೆ ಮೇಷ್ಟರೇ; ಬೇರೊಂದು ಶಾಲೆಯಲ್ಲಿದ್ದವರು. ನಿವೃತ್ತಿಗೆ ಇನ್ನೂ ಹನ್ನೆರಡು ವರ್ಷವಿರುವಾಗ, ದೇವರ ಕರೆಯಾಯಿತೆಂದು ಕೆಲಸಕ್ಕೆ ರಾಜೀನಾಮೆಯಿತ್ತು, ಸುವಾರ್ತೆಯನ್ನು ಸಾರುತ್ತ ಹಳ್ಳಿಹಳ್ಳಿ ತಿರುಗತೊಡಗಿದರು. ಯಾರ ಬಳಿಯಲ್ಲಿಯೂ ಕೈಚಾಚಿದವರಲ್ಲ. ಮುಲ್ಲರನ ಚರಿತ್ರೆಯನ್ನು ನನಗೆ ಓದಲು ಕೊಟ್ಟವರು ಅವರೇ. ಸಂಜೆ ನಮ್ಮ ಜಗಲಿಯಲ್ಲಿ ಕುಳಿತು, "ಶಾಸ್ತ್ರಿಗಳೇ, ನಿಮ್ಮ ಯೋಗಕ್ಷೇಮ ನಮ್ಮಲ್ಲಿಯೂ ಉಂಟು ನೋಡಿ" ಎಂದು ನಗುವರು. ಮುಖದಲ್ಲಿ ಚಿಂತೆಯ ಗೆರೆಯೇ ಇಲ್ಲ. ಯೇಸುಸ್ವಾಮಿಯು ಕಲಿಸಿದ ಪ್ರಾರ್ಥನೆಯಲ್ಲಿ ಅನ್ನವನ್ನು ಕೇಳುವ ಕಡೆ ಬರುವ ಒಂದು ಗ್ರೀಕ್ ಪದದ ಅರ್ಥವು ಈ ಹೊತ್ತಿನದೋ, ನಾಳೆಯದೋ, ಬದುಕಿಗೆ ಸಾಕಾದಷ್ಟೋ ಎಂದು ಪಂಡಿತರು ಇಂದಿಗೂ ಚರ್ಚಿಸುವರೆಂಬುದನ್ನು ನಾನು ಎತ್ತಿದರೆ, "ಸಾಕಾದಷ್ಟು ಎಂದೇ ಇಟ್ಟುಕೊಳ್ಳೋಣ, ಜಗಳವೇಕೆ" ಎನ್ನುವರು. ಅಂಥವರನ್ನು ಪ್ರೀತಿಸದಿರುವುದು ಕಷ್ಟ.

ಅವರು ತೀರಿಕೊಂಡ ಕೆಲವು ತಿಂಗಳ ಮೇಲೆ ಅವರ ಪತ್ನಿಯು ನಮ್ಮ ಮನೆಯವಳ ಸಂಗಡ ಹಿತ್ತಲಲ್ಲಿ ಮಾತಾಡುತ್ತ ಕುಳಿತಿದ್ದರು. "ಅಕ್ಕಾ, ಅಷ್ಟು ವರ್ಷ ಹೇಗೆ ಸಾಗಿಸಿದಿರಿ?" ಎಂದು ಇವಳು ಕೇಳಿದಳು. ಆಕೆಯೆಂದರು: "ಅವರು ದೇವರ ಮುಂದೆ ನಿಲ್ಲುತ್ತಿದ್ದರು ತಂಗೀ, ನಾನು ಅಂಗಡಿಯವನ ಮುಂದೆ ನಿಲ್ಲುತ್ತಿದ್ದೆ." ಅಕ್ಕಿಬೇಳೆಗಳೆಲ್ಲ ಉದ್ರಿ. ರಾತ್ರಿ ಹೊಲಿಗೆಯಂತ್ರದ ಮುಂದೆ ಕುಳಿತು ಊರ ಹೆಂಗಸರ ರವಿಕೆಗಳನ್ನು ಹೊಲಿದು ಆಕೆ ಅದನ್ನು ತೀರಿಸುವರು; ತೀರಿಸಿದಷ್ಟೂ ಮತ್ತೆ ಬೆಳೆಯುವುದು. ಮಗಳ ಕಾಲೇಜಿನ ಶುಲ್ಕಕ್ಕೆಂದು ಬಳೆಗಳು ಹೋದುವು. ಊಟಕ್ಕೆ ಕುಳಿತಾಗ ಯಜಮಾನರು ಆ ದಿನದ ಅನ್ನಕ್ಕಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವಾಗ ಆಕೆಯೂ ತಲೆಬಾಗಿ ಆಮೆನ್ ಎನ್ನುವರು. ಗಂಡನ ಮೇಲೆ ದೂರೆಂದು ಆಕೆ ಇದನ್ನು ಹೇಳಲಿಲ್ಲ. "ಅವರ ನಂಬಿಕೆ ಸುಳ್ಳಾಗಬಾರದು ಅಂತ ಇತ್ತು ನನಗೆ" ಎಂದಷ್ಟೇ ಹೇಳಿ, ಬಿಡಿಸುತ್ತಿದ್ದ ಅವರೆಕಾಯಿಯನ್ನು ಮುಗಿಸಿ ಎದ್ದರು.

ಅಂದಿನಿಂದ ಮುಲ್ಲರನ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ ಐದು ಮಹಾಗೃಹಗಳಲ್ಲ. ಅಂದಂದಿನ ರೊಟ್ಟಿಗೆ ಅಂದಂದೇ ಹಣವೆಂಬ ಆ ಸಣ್ಣ ಕಟ್ಟಳೆ. ಉದ್ರಿಯ ಅಕ್ಕಿಯನ್ನುಂಡು ದೇವರು ಒದಗಿಸಿದನೆಂದರೆ, ಒದಗಿಸಿದವನು ಅಂಗಡಿಯವನು. ಹೊಣೆ ಹೊತ್ತವಳು ಮನೆಯ ಹೆಂಗಸು. ಯೌವನದಲ್ಲಿ ವಸತಿಗೃಹಗಳಿಂದ ಓಡಿಹೋಗಿದ್ದ ಮುಲ್ಲರನಿಗೆ ಈ ಮರ್ಮವು ಚೆನ್ನಾಗಿ ಗೊತ್ತಿದ್ದಿರಬೇಕು. ಮೇರಿ ಗ್ರೋವ್ಸಳ ಒಡಂಬಡಿಕೆಯನ್ನು ನೆನಪಿನಲ್ಲಿಡಿರೆಂದದ್ದೂ ಇದಕ್ಕಾಗಿಯೇ. ಆಕೆಯನ್ನು ಕೇಳಿದ್ದರು, ನಮ್ಮ ಬೀದಿಯ ಅಮ್ಮನನ್ನು ಯಾರೂ ಕೇಳಿರಲಿಲ್ಲ.

ಕೇಳದೆಯೇ ವ್ರತಕ್ಕೆ ಒಳಗಾದ ಇನ್ನೊಬ್ಬಳು ನಮ್ಮ ನಾಡಿನಲ್ಲಿಯೇ ಹುಟ್ಟಿದವಳು. ಪಂಡಿತಾ ರಮಾಬಾಯಿಯ ಜನನವು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಮಹಾವಿದ್ವಾಂಸರು. ಹೆಂಡತಿಗೆ ಸಂಸ್ಕೃತವನ್ನು ಕಲಿಸಿದರೆಂದು ಜನರು ಎದ್ದಾಗ ಕಾಡಿಗೆ ಹೋಗಿ ಆಶ್ರಮ ಕಟ್ಟಿದವರು. ಶಿಷ್ಯರಿಗೂ ಯಾತ್ರಿಕರಿಗೂ ಅನ್ನವಿಕ್ಕಿ ಇದ್ದುದೆಲ್ಲ ತೀರಿತು. ಮಗಳು ಕೈಗೂಸಾಗಿರುವಾಗಲೇ ಸಂಸಾರವು ತೀರ್ಥಯಾತ್ರೆಗೆ ಹೊರಟಿತು. ದೇವಾಲಯಗಳ ಅಂಗಳದಲ್ಲಿ ಪುರಾಣವನ್ನೋದುವುದು, ಕೇಳಿದವರು ಇಟ್ಟುದನ್ನು ಪಡೆಯುವುದು, ಅದರಲ್ಲಿಯೂ ದಾನಮಾಡುವುದು. ಮನುವು ಅಮೃತವೆಂದ ವೃತ್ತಿಯು ಇದಕ್ಕಿಂತ ಶುದ್ಧವಾಗಿ ಎಲ್ಲಿ ನಡೆದೀತು? 1870ರ ದಶಕದ ಕ್ಷಾಮದಲ್ಲಿ ಇಡುವವರೇ ಇಲ್ಲವಾದರು. ಬೇಡುವಂತಿಲ್ಲ, ಕೂಲಿಯ ಕೆಲಸವು ಕುಲಕ್ಕೆ ಸಲ್ಲದು. ಉಳಿದ ಹಣವನ್ನೂ ದೇವರು ಒಲಿಯಲೆಂದು ಪೂಜೆಗೂ ದಾನಕ್ಕೂ ವೆಚ್ಚಮಾಡಿದರು. ಕಾಡಿನ ಎಲೆಗಳನ್ನು ತಿಂದು ದಿನ ನೂಕಿದರು. ತಂದೆ ಸತ್ತರು, ತಾಯಿ ಸತ್ತರು, ಅಕ್ಕನೂ ಹೋದಳು. ಉಳಿದವರು ಅಣ್ಣತಂಗಿಯರಿಬ್ಬರೇ.

ಇದನ್ನೆಲ್ಲ ರಮಾಬಾಯಿಯು 1907ರಲ್ಲಿ ತಾನೇ ಬರೆದಿದ್ದಾಳೆ. ಅನಂತಶಾಸ್ತ್ರಿಗಳನ್ನು ಮೂಢರೆಂದು ತಳ್ಳಿಹಾಕಲು ಅದೇ ವಿದ್ಯೆಯನ್ನು ಓದಿದ ನನ್ನಿಂದಾಗದು. ಮುಲ್ಲರನು ನಂಬಿದನು, ಅನ್ನ ಬಂದಿತು. ಇವರು ನಂಬಿದರು, ಬರಲಿಲ್ಲ. ನಂಬಿಕೆಯಲ್ಲಿ ಇವರದು ಒಂದು ಗುಲಗಂಜಿಯಷ್ಟೂ ಕಡಮೆಯೆಂದು ನಾನು ಎಣಿಸಲಾರೆ. ಬ್ರಿಸ್ಟಲಿನ ಸುತ್ತ ಕೊಡಬಲ್ಲ ಜನರಿದ್ದರು. ಕ್ಷಾಮದ ನಾಡಿನಲ್ಲಿ ಇರಲಿಲ್ಲ. ಇದಕ್ಕೆ ದೈವತತ್ತ್ವದಲ್ಲಿ ಸಮಾಧಾನವೇನೆಂಬುದನ್ನು ಬಲ್ಲವರು ಹೇಳಲಿ. ನನಗೆ ಆಶ್ಚರ್ಯವಾಗಿರುವುದು, ಎಲೆ ತಿಂದು ಬದುಕಿದ ಆ ಹುಡುಗಿಯು ಮುಂದೆ ಮತ್ತೊಮ್ಮೆ ನಂಬಿದಳಲ್ಲಾ ಎಂಬುದು.

1878ರಲ್ಲಿ ಕಲಕತ್ತೆಯ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. ಮದುವೆಯಾಗಿ ಎರಡೇ ವರ್ಷಕ್ಕೆ ವೈಧವ್ಯ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನ, ಮರುವರ್ಷ ಅದು ಪುಣೆಗೆ. ಅಮೆರಿಕೆಯ ಸಂಘವೊಂದು ಹತ್ತು ವರ್ಷ ಹಣ ಕೊಡುವೆನೆಂದಿತ್ತು. ಹತ್ತು ವರ್ಷಗಳ ಮೇಲೆ? ಆ ಅವಧಿಯಲ್ಲಿಯೇ ಆಕೆಯು ಮುಲ್ಲರನ ಚರಿತ್ರೆಯನ್ನು ಓದಿದಳು. ಓದಿ, ದೇವರೊಬ್ಬನನ್ನೇ ನೆಚ್ಚಿ ನಡೆಯಬಹುದೆಂದು ನಿಶ್ಚಯಿಸಿದಳು. ಅದರ ಜೊತೆಯಲ್ಲಿ ಆಕೆ ಮಾಡಿದ್ದೇನೆಂದರೆ, ಪುಣೆಯಿಂದ ಸೊಲ್ಲಾಪುರದ ರೈಲುದಾರಿಯಲ್ಲಿರುವ ಕೇಡಗಾಂವ್ ಎಂಬ ಹಳ್ಳಿಯಲ್ಲಿ ಸುಮಾರು 100 ಎಕರೆ ಬರಡು ನೆಲವನ್ನು ಕೊಂಡು, ಬಾವಿಗಳನ್ನು ತೋಡಿಸಿ, ಹಣ್ಣಿನ ಗಿಡಗಳನ್ನು ನೆಡಿಸಿದಳು. ಸಂಘದ ಹಣವು ನಿಲ್ಲುವ ವೇಳೆಗೆ ಗಿಡಗಳು ಫಲ ಕೊಡಬೇಕೆಂಬುದು ಎಣಿಕೆ. ನಂಬಿಕೆಯೂ ಎಣಿಕೆಯೂ ಆಕೆಯಲ್ಲಿ ಜಗಳವಾಡಲಿಲ್ಲ.

ಗಿಡಗಳು ಬೆಳೆಯುವುದಕ್ಕೆ ಮೊದಲೇ 1896-97ರ ಕ್ಷಾಮ ಬಂದಿತು. ಮಧ್ಯಪ್ರಾಂತದಲ್ಲಿ ಹಸಿದ ಹುಡುಗಿಯರು ಬೀದಿಯಲ್ಲಿದ್ದಾರೆಂದು ಕೇಳಿ ಆಕೆ ತಾನೇ ಹೋಗಿ ಸುಮಾರು 300 ಮಂದಿಯನ್ನು ಕರೆತಂದಳು. ಅವರನ್ನು ಸಾಕಲು ಕೈಯಲ್ಲಿ ಹಣವಿರಲಿಲ್ಲ. ತನ್ನ ಮನೆಯವರು ಕ್ಷಾಮದಲ್ಲಿ ಅಳಿದುದನ್ನು ಕಂಡವಳು ಆ ಮಕ್ಕಳನ್ನು ಬಿಟ್ಟು ಬರಲಾರದೆ ಹೋದಳೆಂದು ತೋರುತ್ತದೆ. 1898ರಲ್ಲಿ ಹತ್ತು ವರ್ಷದ ಮಾತು ತೀರಿತು. 1900ರ ಗುಜರಾತಿನ ಕ್ಷಾಮದ ತರುವಾಯ ಕೇಡಗಾಂವಿನ ಮುಕ್ತಿಸದನದಲ್ಲಿ ಎರಡು ಸಾವಿರಕ್ಕೆ ಸಮೀಪವಾಗಿ ಹೆಂಗಸರೂ ಮಕ್ಕಳೂ ಇದ್ದರು. ಗೊತ್ತಾದ ಆದಾಯವಿಲ್ಲ. ಹಣ ಬರುತ್ತಿತ್ತು. ಬರುವ ವರೆಗೆ ಸುಮ್ಮನೆ ಕೂಡದೆ, ನೇಯುವವರು ನೇಯ್ದರು, ಎಣ್ಣೆ ತೆಗೆಯುವವರು ತೆಗೆದರು, ಹೊಲದಲ್ಲಿ ದುಡಿಯುವವರು ದುಡಿದರು. ಅಚ್ಚಿನ ಮೊಳೆ ಜೋಡಿಸುವುದನ್ನು ಕೂಡ ಹುಡುಗಿಯರು ಕಲಿತರು. ತಂದೆಯ ಮನೆಯಲ್ಲಿ ಕುಲಕ್ಕೆ ಸಲ್ಲದೆಂದು ಬಿಟ್ಟಿದ್ದ ಕೈಗೆಲಸವೆಲ್ಲ ಮಗಳ ಮನೆಯಲ್ಲಿ ಪ್ರಾರ್ಥನೆಯ ಮಗ್ಗುಲಲ್ಲಿ ಬಂದು ಕುಳಿತಿತು. ಆಕೆಯು ಇಬ್ರಿಯ ಗ್ರೀಕ್‌ಗಳನ್ನು ಕಲಿತು ಸತ್ಯವೇದವನ್ನು ಮರಾಠಿಗೆ ತಿರುಗಿಸಿದಳು, 1922ರಲ್ಲಿ ತೀರಿಕೊಂಡಳು. ಸಂಸ್ಥೆಯು ಇಂದಿಗೂ ಅಲ್ಲಿದೆ.

ಅನಂತಶಾಸ್ತ್ರಿಗಳು ಕಡೆಗಾಲದಲ್ಲಿ, ಕಣ್ಣು ಕಾಣದೆ, ಕಿರಿಯ ಮಗಳಾದ ರಮೆಯನ್ನು ತೋಳಿನಲ್ಲಿ ಅಪ್ಪಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಬದುಕಿರುವ ವರೆಗೆ ಅವನನ್ನೇ ಸೇವಿಸು ಎಂಬರ್ಥದ ಮಾತನ್ನಾಡಿದರಂತೆ. ಆ ಮಾತು ತನ್ನ ಕಿವಿಯಲ್ಲಿ ಎಂದೂ ಅಳಿಯಲಿಲ್ಲವೆಂದು ಮತಾಂತರವಾಗಿ ಇಪ್ಪತ್ತು ವರ್ಷಗಳಿಗೆ ಮೇಲ್ಪಟ್ಟು ಕಳೆದ ಬಳಿಕ ಆಕೆ ಬರೆದಳು. ಈ ಪುಟವನ್ನು ನಾನು ನಮ್ಮ ಬೀದಿಯ ಅಮ್ಮನಿಗೆ ಒಂದು ದಿನ ಓದಿ ಹೇಳಿದೆನು. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಆ ಹಣ್ಣಿನ ಗಿಡಗಳು ಕಡೆಗೆ ಫಲ ಬಿಟ್ಟುವೇ?" ಎಂದು ಕೇಳಿದರು.